ಒಂದು ಹನಿ ನೀರೂ ಬಾರದ ದೋಣಿ

ಮೂರನೇ ವಾರ್ಡು, ಏಳನೇ ಮಂಚ
ಫೆಬ್ರವರಿ 4

ನನ್ನ ಒಬ್ಬಳೇ ಒಬ್ಬಳು ತಂಗಿಗೆ,

ಪರದೆ ಏಳಲಿ! ದೀಪ ಬೆಳಗಲಿ! ಕೊನೇ ಬೆಂಚಿನವರು ಕೆಮ್ಮುವುದನ್ನು ನಿಲ್ಲಿಸಲಿ! ಮೂವತ್ತೆರಡು ವರ್ಷ ರಾಜನಾಗಿ, ರಾಕ್ಷಸನಾಗಿ, ರಾಣಿಯ ಪಾತ್ರದವಳು ಕೈಕೊಟ್ಟ ಎರಡು ದಿನ ರಾಣಿಯೂ ಆಗಿ ಗರ್ಜಿಸಿದ ನಿನ್ನ ಅಣ್ಣ ಈಗ ಆಸ್ಪತ್ರೆಯ ಮಂಚದ ಮೇಲೆ ಕೂತು ಪೆನ್ಸಿಲ್ ಹಿಡಿದಿದ್ದಾನೆ. ಫೋನ್ ಮಾಡಬೇಡ, ನೋಡಲು ಬರಬೇಡ ಅಂದದ್ದಕ್ಕೆ ನೀನು ಮುಖ ಊದಿಸಿಕೊಂಡಿರುತ್ತೀ, ಗೊತ್ತು. ಏನು ಮಾಡಲಿ? ಎರಡು ಮಾತಾಡಿದರೆ ಹತ್ತು ನಿಮಿಷ ಕೆಮ್ಮು. ಉಳಿದಿರುವ ದನಿ ತೂತುಬಿದ್ದ ತಿದಿಯಿಂದ ಬರುವ ಸದ್ದು. ಅದನ್ನು ನೀನು ಕೇಳಬಾರದು. ಬಣ್ಣವಿಲ್ಲದ ಈ ಮುಖವನ್ನೂ ನೋಡಬಾರದು. ಕಾಗದದ ಮೇಲಾದರೆ ನನಗೆ ಇನ್ನೂ ಗಂಟಲಿದೆ.

ಪಕ್ಕದ ಎಂಟನೇ ಮಂಚದವರು ರೈಲು ಓಡಿಸುತ್ತಿದ್ದವರು. ನಾನು ಬಂದ ಮರುದಿನವೇ ಹೇಳಿದರು, "ನಾಟಕದವರೇ, ನಿಮ್ಮ ಗೊರಕೆಗೂ ಮೂರು ಅಂಕ ಇದೆಯಲ್ರೀ. ನಡುವೆ ವಿರಾಮನಾದ್ರೂ ಕೊಡಿ!" ಹೀಗೆ ಕಾಲ ಹೋಗುತ್ತಿದೆ.

ಈಗ ಕಥೆಗೆ ಬರೋಣ. ನಿನ್ನೆ, ನನ್ನ ಹಳೇ ವಿಳಾಸಗಳನ್ನೆಲ್ಲ ಸುತ್ತಿ ಸುಸ್ತಾದ ಒಂದು ಲಕೋಟೆ ಇಲ್ಲಿಗೆ ಬಂತು. ದೋಣಿ ಅಂಗಳದ ಮಾಲೀಕನದು. ಜುಲೈ ಮೂವತ್ತೊಂದಕ್ಕೆ ಅಂಗಳ ಮುಚ್ಚುತ್ತಾನಂತೆ. ಅಷ್ಟರೊಳಗೆ ನೀರಿಗಿಳಿಯದ ದೋಣಿಗಳನ್ನು ಒಡೆದು ಸೌದೆ ಮಾಡುತ್ತಾನಂತೆ. ಅಪ್ಪ ತಾನೇ ಹಲಗೆ ಸೀಳಿ, ತಾನೇ ಬಗ್ಗಿಸಿ, ಹದಿನಾರು ಅಡಿ ಉದ್ದಕ್ಕೆ ಕಟ್ಟಿದ ಹಾಯಿದೋಣಿ ಸೌದೆ! ನಮ್ಮ ಮಹಾರಾಣಿ ಸೌದೆ!

ನಾನು ಕೇಳುವುದು ಒಂದೇ. ಅದನ್ನು ಎಬ್ಬಿಸು. ಒಂದೇ ಒಂದು ಸಲ, ಹಾಯಿ ತುಂಬಿ ಉಬ್ಬಿರುವಾಗ, ಚುಕ್ಕಾಣಿ ನಿನ್ನ ಕೈಯಲ್ಲಿರುವಾಗ ನಾನು ಅದರಲ್ಲಿ ಕೂರಬೇಕು. ಆಮೇಲೆ ಈ ಎದೆ ಏನು ಬೇಕಾದರೂ ಮಾಡಿಕೊಳ್ಳಲಿ.

ಗಂಟಲಿಲ್ಲದ ರಾಜ,
ನಿನ್ನ ಅಣ್ಣ


ಫೆಬ್ರವರಿ 19

ಅಣ್ಣನಿಗೆ,

ಕಾಗದ ಬಂತು. ಓದುವಾಗ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

ದೋಣಿ ನೋಡಿಕೊಂಡು ಬಂದೆ. ಹದಿನೈದು ವರ್ಷದ ಹಿಂದೆ "ಒಂದೇ ವಾರ ಕಣೇ, ಬಂದು ಬಣ್ಣ ಹೊಡೀತೀನಿ" ಎಂದು ಟಾರ್ಪಾಲು ಹೊದಿಸಿ ನಾಟಕ ಕಂಪನಿಯ ಲಾರಿ ಹತ್ತಿದೆಯಲ್ಲ, ಅದೇ ಟಾರ್ಪಾಲು. ಮುಟ್ಟಿದರೆ ಪುಡಿಯಾಗುತ್ತದೆ. ಅಡಿಯಲ್ಲಿ ದೋಣಿ ಕವುಚಿ ಮಲಗಿದೆ. ಹಲಗೆಗಳು ಒಣಗಿ ಕುಗ್ಗಿ ಒಂದಕ್ಕೊಂದು ಬಿಟ್ಟುಕೊಂಡಿವೆ. ಕೆಲವು ಸಂದುಗಳಲ್ಲಿ ನನ್ನ ಕಿರುಬೆರಳಿನ ತುದಿ ಹೋಗುತ್ತದೆ. ಒಳಗೆ ತಲೆ ಹಾಕಿದರೆ ಆಕಾಶ ಗೆರೆ ಗೆರೆಯಾಗಿ ಕಾಣಿಸಿತು.

ಮಾಲೀಕ ಬಂದು ಪಕ್ಕದಲ್ಲಿ ನಿಂತ. "ಅಮ್ಮಾ, ಇದನ್ನ ದೋಣಿ ಅನ್ನೋಕೆ ಸ್ವಲ್ಪ ಧೈರ್ಯ ಬೇಕು. ನಾನಂತೂ ಜರಡಿ ಅಂತೀನಿ" ಎಂದ. ಮರದ ಕೆಲಸ ಬಲ್ಲ ಮೇಸ್ತ್ರಿ ಯಾರಾದರೂ ಇದ್ದಾರಾ ಎಂದು ಕೇಳಿದೆ. "ಇದ್ರು. ಹೋಗಿ ನಾಲ್ಕು ವರ್ಷ ಆಯ್ತು. ಈಗೆಲ್ಲಾ ಫೈಬರ್ ದೋಣಿ. ಒರೆಸಿದ್ರೆ ಆಯ್ತು."

ನಾನು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹಲ್ಲಿನ ಡಾಕ್ಟರ ಹಿಂದಿನ ಕೋಣೆಯಲ್ಲಿ ಕೂತು ಜನರ ಬಾಯಿಗೆ ಕಟ್ಟುಹಲ್ಲು ಮಾಡುವವಳು. ದೋಣಿ ರಿಪೇರಿ ನನಗೇನು ಗೊತ್ತು? ಅಪ್ಪ ನನ್ನನ್ನು ಆ ಕೆಲಸದ ಹತ್ತಿರ ಸೇರಿಸಲೇ ಇಲ್ಲ. ನೀನು ಶೆಡ್ಡಿನ ಒಳಗೆ, ನಾನು ಬಾಗಿಲ ಹೊರಗೆ. ನನಗಾಗುವುದಿಲ್ಲ. ಬೇರೆ ಏನಾದರೂ ಕೇಳು.

ಮರ ಕೊಳೆತಿಲ್ಲ. ಚಾಕುವಿನಿಂದ ಹದಿನೆಂಟು ಕಡೆ ಚುಚ್ಚಿ ನೋಡಿದೆ. ಸುಮ್ಮನೆ ತಿಳಿಸಿದ್ದೇನೆ, ಅಷ್ಟೆ.

ಇಂತು,
ತಂಗಿ


ಮಾರ್ಚ್ 1

ತಂಗೀ! ತಾಯೀ! ಹದಿನೆಂಟು ಕಡೆ ಚುಚ್ಚಿದ ವೀರನಾರಿಯೇ!

ಆಗುವುದಿಲ್ಲ ಎನ್ನುವವಳು ಎರಡನೇ ಕಡೆ ಚುಚ್ಚುವುದಿಲ್ಲ. ಸಿಕ್ಕಿಬಿದ್ದೆ!

ಈಗ ಕೇಳು, ಶುಭವಾರ್ತೆ. ದೊಡ್ಡ ಡಾಕ್ಟರು ಬೆಳಿಗ್ಗೆ ಸುತ್ತು ಬಂದಾಗ ಒಂದು ಚೀಟಿಯಲ್ಲಿ ನನ್ನ ಮನವಿ ಬರೆದು ಕೈಗಿತ್ತೆ. ಅವರು ಕನ್ನಡಕ ಏರಿಸಿ ಓದಿದರು. ಇಳಿಸಿ ನನ್ನನ್ನು ನೋಡಿದರು. "ಜುಲೈ ಮೊದಲಲ್ಲಿ ಒಂದು ದಿನ ಬಿಡ್ತೀನ್ರೀ. ಆದ್ರೆ ಒಂದು ಷರತ್ತು. ಒಂದು ಹನಿ ನೀರೂ ತಾಗಬಾರದು. ಪಾದ ಒದ್ದೆಯಾದ್ರೂ ಎದೆಗೆ ಇಳಿಯುತ್ತೆ. ಆಮೇಲೆ ನನ್ನ ಕೇಳಬೇಡಿ" ಎಂದರು. ವಾರ್ಡೇ ಚಪ್ಪಾಳೆ ಹೊಡೆಯಿತು. ಸಿಸ್ಟರ್ ಬಂದು ಎಲ್ಲರಿಗೂ ಬೈದರು.

ಒಂದು ದಿನ! ರಾಜನಿಗೆ ಒಂದು ದಿನದ ರಾಜ್ಯ ಸಾಕು. ಎದ್ದೇಳು, ಉಳಿ ಹಿಡಿ, ಮಹಾರಾಣಿಯನ್ನು ಶೃಂಗರಿಸು!

ನಿನ್ನ ಅಣ್ಣ


ಏಪ್ರಿಲ್ 14

ಅಣ್ಣನಿಗೆ,

ಆರು ಭಾನುವಾರ ಕಳೆದವು. ಹಳೇ ಬಣ್ಣ ಕೆರೆದು ಮುಗಿಸಿದೆ. ಹಸಿರಿನ ಕೆಳಗೆ ಬಿಳಿ, ಬಿಳಿಯ ಕೆಳಗೆ ಅಪ್ಪ ಹೊಡೆದ ನೀಲಿ. ಹಲಗೆಗಳನ್ನು ಹಿಡಿದಿರುವ ಪಕ್ಕೆಲುಬುಗಳು ಹದಿನಾಲ್ಕು, ಹದಿನಾಲ್ಕೂ ನೆಟ್ಟಗಿವೆ. ಸಡಿಲವಾದ ತಾಮ್ರದ ಮೊಳೆಗಳನ್ನು ಕಿತ್ತು ಹೊಸದು ಹೊಡೆದೆ, ಇನ್ನೂರ ಹನ್ನೊಂದು. ಬಲಗೈ ಹೆಬ್ಬೆರಳ ಉಗುರು ಕಪ್ಪಾಗಿದೆ. ಹಲ್ಲಿನ ಡಾಕ್ಟರು ನೋಡಿ, "ಏನಮ್ಮಾ, ಯಾರ ಬಾಯಿಗೆ ಕೈ ಹಾಕಿದ್ದೆ?" ಎಂದರು.

ಹಾಯಿಯನ್ನು ಇಲಿ ಮೂರು ಕಡೆ ತಿಂದಿತ್ತು. ತೇಪೆ ಹಾಕಿದೆ. ಹಾಯಿಕಂಬಕ್ಕೆ ಎಣ್ಣೆ ಕುಡಿಸಿದೆ. ಮಾಲೀಕ ಈಗ ಜರಡಿ ಅನ್ನುವುದಿಲ್ಲ. ದೂರ ನಿಂತು ಬೀಡಿ ಸೇದುತ್ತಾ ನೋಡುತ್ತಾನೆ. ಅವನು ಏನಾದರೂ ಅಂದಿದ್ದರೇ ವಾಸಿಯಿತ್ತು.

ಇನ್ನು ಉಳಿದದ್ದು ಹಲಗೆಗಳ ನಡುವಿನ ಸಂದು. ಅದನ್ನು ನೀನು ನನಗೆ ಹೇಳಿಕೊಡಬೇಕಾಗಿಲ್ಲ. ಸಂದು ತುಂಬುವುದೇ ನನ್ನ ಹೊಟ್ಟೆಪಾಡು. ಬಣ್ಣ ಯಾವುದು ಬೇಕು ಹೇಳು.

ನಿನ್ನ ಊಟ ಹೇಗೆ? ತೂಕ ನೋಡುತ್ತಾರಾ? ಅದನ್ನೂ ಬರೆ.

ತಂಗಿ


ಮೇ 2

ಪ್ರಿಯ ತಂಗಿ,

ಬಣ್ಣ ಕೇಳಿದೆಯಾ? ಈ ಪ್ರಶ್ನೆಗಾಗಿ ಐವತ್ತೇಳು ವರ್ಷ ಕಾದಿದ್ದೆ! ನೀಲಿ! ಆದರೆ ಅಂಗಡಿಯ ಡಬ್ಬಿಯ ನೀಲಿ ಅಲ್ಲ. ಯುದ್ಧದ ದೃಶ್ಯಕ್ಕೆ ಮುಂಚೆ ಹಿಂದಿನ ಪರದೆಗೆ ಬೀಳುವ ನೀಲಿ, ಇನ್ನೇನು ಯಾರೋ ಸಾಯುತ್ತಾರೆ ಎಂದು ಜನಕ್ಕೆ ಗೊತ್ತಾಗುವ ನೀಲಿ. ಒಳಗೆ ಬಿಳಿ. ಅಂಚಿಗೆ ಒಂದು ಗೆರೆ ಚಿನ್ನ. ಹಾಯಿ ಏರಿಸುವಾಗ ನಾನು ಒಂದು ಮಾತು ಹೇಳುತ್ತೇನೆ, ಅದನ್ನು ಈಗಲೇ ಬರೆದಿಟ್ಟಿದ್ದೇನೆ. ನಾಲ್ಕು ಪುಟ. ರೈಲಿನವರಿಗೆ ಓದಲು ಕೊಟ್ಟೆ. "ಚೆನ್ನಾಗಿದೆ ನಾಟಕದವರೇ, ಆದ್ರೆ ಇದು ಮುಗಿಯೋ ಹೊತ್ತಿಗೆ ಗಾಳಿ ನಿಂತಿರುತ್ತೆ" ಎಂದರು.

ತೂಕ, ಊಟ ಇವೆಲ್ಲ ಗದ್ಯ. ನನ್ನನ್ನು ಗದ್ಯ ಕೇಳಬೇಡ.

ಅಣ್ಣ


ಜೂನ್ 29

ಅಣ್ಣಾ,

ನಿನ್ನೆ ಇಳಿಸಿದೆ.

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ, ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಮಾಲೀಕ, ಅವನ ಹೆಂಡತಿ, ಇನ್ನಿಬ್ಬರು ಸೇರಿ ಉರುಳೆಯ ಮೇಲೆ ತಳ್ಳಿದೆವು. ಮಾಲೀಕ ಕೈಯಲ್ಲಿ ಬಕೆಟ್ ಹಿಡಿದೇ ನಿಂತಿದ್ದ. "ಮರದ ದೋಣಿ ಅಮ್ಮಾ, ಹದಿನೈದು ವರ್ಷ ಒಣಗಿದೆ, ಸೋರುತ್ತೆ. ಸೋರಿದ್ರೆ ಬೇಜಾರು ಮಾಡ್ಕೋಬೇಡಿ" ಎಂದ. ಕಟ್ಟೆಗೆ ಕಟ್ಟಿ ಒಳಗೆ ಕೂತೆ. ಹತ್ತು ನಿಮಿಷ. ಅರ್ಧ ಗಂಟೆ. ಎರಡು ಗಂಟೆ. ನನ್ನ ಬಿಳೀ ಕರವಸ್ತ್ರವನ್ನು ತಳದಲ್ಲಿ ಹಾಸಿದ್ದೆ. ಎತ್ತಿ ಕೆನ್ನೆಗೆ ಒತ್ತಿಕೊಂಡೆ. ಇಸ್ತ್ರಿ ಮಾಡಿದ ಹಾಗೆ ಒಣಗಿತ್ತು. ಒಂದು ಹನಿ ಇಲ್ಲ! ಮಾಲೀಕ ಬಕೆಟ್ ಕೆಳಗಿಟ್ಟು, "ನಾನು ಇಂಥಾದ್ದು ನೋಡಿಲ್ಲ" ಎಂದ.

ಹೇಗೆ ಅಂತ ಕೇಳು. ಅಂಗಡಿಯವನು ಮೊದಲು ಮೆತ್ತನೆಯ ಬೆಣ್ಣೆಯಂಥಾ ಪುಟ್ಟಿ ತೋರಿಸಿದ. ಉಗುರು ಒತ್ತಿದರೆ ಗುರುತು ಬೀಳುತ್ತದೆ! ಇದನ್ನು ನಂಬಿ ಅಣ್ಣನನ್ನು ಕೂರಿಸಲಾ? ಎರಡು ಡಬ್ಬಿ ಕಲಸಿ ಹಚ್ಚುವ ಅಂಟು ಕೇಳಿ ತಂದೆ. ಒಣಗಿದರೆ ಕಲ್ಲು. ಹಲ್ಲಿನ ಹುಳುಕು ತುಂಬುವ ಹಾಗೆ ಪ್ರತಿ ಸಂದನ್ನೂ ಕೆರೆದು, ಊದಿ, ಸಣ್ಣ ಚಮಚದಲ್ಲಿ ತಳದಿಂದ ತುಂಬಿ, ಒತ್ತಿ, ಭೂತಗನ್ನಡಿ ಹಿಡಿದು ನೋಡಿದೆ. ಕೂದಲೆಳೆಯಷ್ಟು ಜಾಗ ಬಿಟ್ಟಿಲ್ಲ. ಹನ್ನೊಂದು ವಾರ. ಡಾಕ್ಟರ ಷರತ್ತನ್ನು ಚೀಟಿಯಲ್ಲಿ ಬರೆದು ದೋಣಿಗೆ ಅಂಟಿಸಿಕೊಂಡು ಕೆಲಸ ಮಾಡಿದೆ.

ಜುಲೈ ಒಂಬತ್ತಕ್ಕೆ ಕಾರು ಹೇಳಿದ್ದೇನೆ. ನಾಲ್ಕು ಗಂಟೆ ದಾರಿ. ಅಲ್ಲಿಯವರೆಗೆ ದೋಣಿ ನೀರಲ್ಲೇ ಇರಲಿ, ಕಟ್ಟೆಯಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ನಾಲ್ಕು ಪುಟವನ್ನೂ ತಾ. ಗಾಳಿ ನಿಂತರೆ ನಿಲ್ಲಲಿ.

ನಿನ್ನ ತಂಗಿ


ಜುಲೈ 2

ತಂಗಿ,

ದೋಣಿಯನ್ನು ಮೇಲಕ್ಕೆ ತೆಗೆ. ಈ ಕಾಗದ ಓದುತ್ತಿರುವ ಹಾಗೇ ಎದ್ದು ಹೋಗು. ಫೋನು ಮಾಡಲು ಸಿಸ್ಟರ್ ಹತ್ತಿರ ಹೋದೆ, ಮೂರು ಸಲ ಮಾಡಿಸಿದೆ, ನಿನ್ನದು ಎತ್ತುತ್ತಿಲ್ಲ. ಕೆಲಸದಲ್ಲಿ ಫೋನ್ ಆಫ್ ಮಾಡಿ ಇಡುತ್ತೀಯಲ್ಲ. ಅಂಗಳದ ನಂಬರು ಲಕೋಟೆಯ ಮೇಲಿತ್ತು, ಲಕೋಟೆ ಬಿಸಾಡಿದ್ದಾರೆ.

ಒಣಗಿದ ಮರ ನೀರು ಕುಡಿದು ಉಬ್ಬುತ್ತದೆ. ಅದಕ್ಕೇ ಸಂದಿಗೆ ಮೆತ್ತನೆಯದು ಹಾಕುವುದು. ಹಲಗೆ ಉಬ್ಬಿದಾಗ ಪುಟ್ಟಿ ಹೊರಗೆ ಬಂದು ಜಾಗ ಕೊಡಬೇಕು. ಮೊದಲ ಮೂರು ದಿನ ದೋಣಿ ಸೋರಬೇಕು ತಂಗಿ. ಸೋರಲು ಬಿಡಬೇಕು. ನೀನು ಜಾಗವೇ ಬಿಟ್ಟಿಲ್ಲ. ಹಲಗೆ ಎಲ್ಲಿಗೆ ಉಬ್ಬುತ್ತದೆ?

ತೆಗೆದು ನೆರಳಲ್ಲಿಡು. ಆ ಕಲ್ಲನ್ನು ಕೆರೆದು ತೆಗೆ. ಹೋಗು.

ಅಣ್ಣ


ಜುಲೈ 6

ಅಣ್ಣನಿಗೆ,

ನಿನ್ನ ಕಾಗದ ಶನಿವಾರ ಬಂತು. ದೋಣಿ ಹೋದದ್ದು ಗುರುವಾರ.

ಮಧ್ಯಾಹ್ನ ಊಟಕ್ಕೆ ಎದ್ದಾಗ ಫೋನ್ ತೆರೆದೆ. ಆಸ್ಪತ್ರೆಯ ನಂಬರು ಮೂರು ಸಲ, ಮಾಲೀಕನದು ಐದು ಸಲ. ನಿನಗೇನೋ ಆಯಿತು ಅಂದುಕೊಂಡು ಆಸ್ಪತ್ರೆಗೆ ಮಾಡಿದೆ, ಎತ್ತಿದವರು ನೀನು ಕೂತು ಏನೋ ಬರೆಯುತ್ತಿದ್ದೀ ಎಂದರು. ಅಷ್ಟರಲ್ಲಿ ಮಾಲೀಕನೇ ಮತ್ತೆ ಮಾಡಿದ. "ಅಮ್ಮಾ, ನಿಮ್ಮ ದೋಣಿ ಸದ್ದು ಮಾಡ್ತಿದೆ. ಒಳಗೆ ಯಾರೋ ಸೌದೆ ಮುರೀತಿರೋ ಹಾಗೆ. ಬನ್ನಿ" ಎಂದ. ನಿನಗೇನೂ ಆಗಿಲ್ಲ ಎಂದು ಮೊದಲು ಸಮಾಧಾನವಾಯಿತು. ಸತ್ಯ ಹೇಳುತ್ತಿದ್ದೇನೆ.

ನಾನು ಹೋದಾಗ ಅವನು ಹಗ್ಗ ಹಾಕಿ ಎಳೆಯುತ್ತಿದ್ದ. ಹದಿನಾಲ್ಕು ಪಕ್ಕೆಲುಬುಗಳಲ್ಲಿ ಹನ್ನೊಂದು ಮುರಿದಿವೆ. ಅಡಿಮರದ ಪಕ್ಕದ ಹಲಗೆ ಬುಡದಿಂದ ಕಿತ್ತು ಬಂದಿದೆ. ನಾನು ಹೊಡೆದ ಮೊಳೆಗಳ ತಲೆಗಳು ಒಳಗೆ ಉದುರಿ ಬಿದ್ದಿದ್ದವು. ಇದು ಇನ್ನು ದೋಣಿಯಾಗುವುದಿಲ್ಲ ಎಂದು ಮಾಲೀಕ ಹೇಳಬೇಕಾಗಿರಲಿಲ್ಲ. ಅವನ ಹೆಂಡತಿ ಒಂದು ಕುರ್ಚಿ ತಂದು ಹಾಕಿದಳು.

ಮೆತ್ತನೆಯದು ಹಾಕಬೇಕು ಅಂತ ನಿನಗೆ ಯಾರು ಹೇಳಿದರು? ಯಾವಾಗ? ಮೇ ತಿಂಗಳಲ್ಲಿ ಪರದೆಯ ನೀಲಿಯ ಬಗ್ಗೆ ಒಂದು ಪುಟ ಬರೆದೆಯಲ್ಲ. ಅದರಲ್ಲಿ ಈ ಒಂದು ಸಾಲಿಗೆ ಜಾಗ ಇರಲಿಲ್ಲವಾ?

ಒಂಬತ್ತರ ಕಾರನ್ನು ಬೇಡ ಎಂದಿಲ್ಲ. ದೋಣಿ ಇಲ್ಲದಿದ್ದರೂ ನಿನ್ನನ್ನು ಒಂದು ದಿನ ಹೊರಗೆ ಕರೆದುಕೊಂಡು ಬರಬಹುದಲ್ಲ. ನೀರು ನೋಡಿಕೊಂಡು ಕೂರೋಣ. ಡಾಕ್ಟರನ್ನು ಕೇಳಿ ಸಿಸ್ಟರ್ ಕೈಯಲ್ಲಿ ಫೋನ್ ಮಾಡಿಸು.

ತಂಗಿ


ಜುಲೈ 10

ತಂಗಿ,

ನಿನ್ನೆ ಕಾರು ಬಾಗಿಲಿಗೆ ಬಂದು ನಾನಿಲ್ಲದೆ ವಾಪಸ್ ಹೋದದ್ದು ಕಿಟಕಿಯಿಂದ ಕಂಡಿತು. ನೀನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮಡಿಲಲ್ಲಿ ಕಂಬಳಿ ಇತ್ತು. ಒಳಗೆ ಬಿಡಬೇಡಿ ಎಂದು ಸಿಸ್ಟರಿಗೆ ನಾನೇ ಕೈಮುಗಿದೆ.

ಇವತ್ತು ಪರದೆ ಇಲ್ಲ, ದೀಪ ಇಲ್ಲ.

ಹೇಳಿದವರು ಅಪ್ಪ. ನನಗೆ ಹನ್ನೊಂದು ವರ್ಷ. ಶೆಡ್ಡಿನೊಳಗೆ ಸಂದು ತುಂಬುತ್ತಿದ್ದೆವು. ನೀನು ಬಾಗಿಲಲ್ಲಿ ಇಣುಕುತ್ತಿದ್ದೆ. "ಆ ಮಗೂನ ಆಚೆ ಕಳಿಸಿ ಬಾಗಿಲು ಹಾಕೋ, ಘಾಟು" ಎಂದರು. ನಾನು ಹಾಕಿದೆ. ಆಮೇಲೆ ಹೇಳಿದರು. ನಲವತ್ತಾರು ವರ್ಷ ಆ ಮಾತು ನನ್ನ ಒಳಗಿತ್ತು, ಅದು ನಿನ್ನ ಒಳಗೆ ಇಲ್ಲ ಎಂದು ಒಂದು ದಿನವೂ ಹೊಳೆಯಲಿಲ್ಲ. ನಮ್ಮ ಮನೆಯವಳಲ್ಲವೇ, ಗೊತ್ತಿರುತ್ತದೆ ಅಂದುಕೊಂಡೆ. ಬಾಗಿಲು ಹಾಕಿದವನು ನಾನೇ ಎನ್ನುವುದು ಮರೆತಿತ್ತು.

ಇನ್ನೊಂದಿದೆ. ಇದನ್ನು ಬರೆಯಲು ಬೆಳಗಿನಿಂದ ಮೂರು ಹಾಳೆ ಹರಿದೆ. ಡಾಕ್ಟರು ಜುಲೈನಲ್ಲಿ ಬಿಡುತ್ತೇನೆ ಎಂದಿರಲಿಲ್ಲ. ಚೀಟಿ ಓದಿ, "ಇನ್ನು ಈ ಗೇಟು ದಾಟೋ ಮಾತು ಬೇಡ, ನಿಮಗೂ ಗೊತ್ತಿದೆಯಲ್ಲ" ಎಂದರು. ಮಾರ್ಚಿನಲ್ಲೇ. ಅದನ್ನು ನಿನಗೆ ತಿಳಿಸಿದ್ದರೆ ನೀನು ಉಳಿ ಕೆಳಗಿಡುತ್ತಿದ್ದೆ, ಕಾಗದ ನಿಲ್ಲಿಸುತ್ತಿದ್ದೆ. ಈ ವಾರ್ಡಿನಲ್ಲಿ ನನಗೆ ಬರುತ್ತಿದ್ದದ್ದು ಆ ಕಾಗದ ಒಂದೇ.

ಆ ಷರತ್ತು ನನ್ನ ಕೈಚಳಕ. ಬರೀ "ಬಿಡುತ್ತಾರಂತೆ" ಎಂದರೆ ನೀನು ನಂಬುತ್ತಿರಲಿಲ್ಲ. ಸುಳ್ಳಿಗೆ ಒಂದು ಷರತ್ತು ಅಂಟಿಸಿದರೆ ನಿಜದ ಹಾಗೆ ಕಾಣುತ್ತದೆ, ರಂಗದ ಮೇಲೆ ಕಲಿತದ್ದು. ಒಂದು ಹನಿ ನೀರೂ ತಾಗಬಾರದು. ಚೆನ್ನಾಗಿ ಬಂದಿದೆ ಅಂದುಕೊಂಡು ಎರಡು ಸಲ ಓದಿಕೊಂಡೆ.

ನೀನು ಸಂದಿಗೆ ಕಲ್ಲು ತುಂಬಿದ್ದು ಆ ಸಾಲನ್ನು ನಂಬಿ.

ಅಣ್ಣ


ಜುಲೈ 22

ಅಣ್ಣನಿಗೆ,

ಹತ್ತು ದಿನ ನಿನ್ನ ಕಾಗದವನ್ನು ಹಲ್ಲಿನ ಅಚ್ಚುಗಳ ಡ್ರಾಯರಿನಲ್ಲಿ ಇಟ್ಟಿದ್ದೆ.

ಭಾನುವಾರ ದೋಣಿ ಒಡೆದೆವು. ಮಾಲೀಕ ತಾನೇ ಮಾಡುತ್ತೇನೆ ಎಂದ, ನಾನು ಬಿಡಲಿಲ್ಲ. ಕೊಡಲಿ ಏಟಿಗೆ ಹಲಗೆ ಉದ್ದಕ್ಕೂ ಸೀಳಿತು, ನಾನು ತುಂಬಿದ ಸಂದು ಮಾತ್ರ ಒಂದು ಕಡೆಯೂ ಬಿಡಲಿಲ್ಲ. ಎರಡು ಬದಿಯ ಮರವನ್ನು ಕಚ್ಚಿಕೊಂಡೇ ಬಂತು. ಮಾಲೀಕ ಒಂದು ತುಂಡು ಎತ್ತಿ ನೋಡಿ, "ಕೆಲಸ ಮಾತ್ರ ಗಟ್ಟಿ ಅಮ್ಮಾ" ಎಂದ. ಸಮಾಧಾನಕ್ಕೆ ಹೇಳಿದ, ಪಾಪ. ನನಗೆ ಅವನ ಮೇಲೆ ಕೊಡಲಿ ಎತ್ತಬೇಕು ಅನ್ನಿಸಿತು. ಅಂಗಳದಲ್ಲಿ ದೋಣಿ ಮಲಗಿದ್ದ ಕಡೆ ಈಗ ಅಷ್ಟು ಉದ್ದದ ಒಣ ಜಾಗ ಇದೆ, ಹುಲ್ಲು ಬಿಳಿಚಿಕೊಂಡಿದೆ.

ನಾನು ನಿನ್ನನ್ನು ನೋಡಲು ಬರುವುದಿಲ್ಲ. ಬಂದರೆ ಬೈಯುತ್ತೇನೆ. ತಿರುಗಿ ಬೈಯಲು ನಿನಗೆ ಗಂಟಲಿಲ್ಲ. ಅದು ನ್ಯಾಯವಲ್ಲ.

ಒಂದು ಕೆಲಸ ಮಾಡು. ಬಾಗಿಲು ಹಾಕಿದ ಮೇಲೆ ಅಪ್ಪ ಇನ್ನೇನು ಹೇಳಿದರು? ಎಲ್ಲಾ ಬರೆ. ದೋಣಿ ಇಲ್ಲ, ಅಂಗಳವೂ ಇನ್ನು ಒಂಬತ್ತು ದಿನ. ನನಗೆ ಅದರಿಂದ ಏನೂ ಆಗಬೇಕಾಗಿಲ್ಲ. ಆದರೂ ಬರೆ. ಅಲಂಕಾರ ಬೇಡ. ಅವರು ಹೇಳಿದ ಹಾಗೇ ಬರೆ, ಒಂದೊಂದಾಗಿ. ಅದರಲ್ಲಿ ಅರ್ಧ ನನ್ನದಿತ್ತು.

ತಂಗಿ


ಎಂಟನೇ ಮಂಚ
ಜುಲೈ 27

ನಾಟಕದವರ ತಂಗಿಯವರಿಗೆ,

ನಾನು ಪಕ್ಕದ ಮಂಚದವನು, ರೈಲು ಓಡಿಸುತ್ತಿದ್ದವನು. ಈ ಕಾಗದ ಕೈಸೇರುವ ಮೊದಲೇ ಆಸ್ಪತ್ರೆಯವರು ನಿಮಗೆ ಫೋನ್ ಮಾಡಿರುತ್ತಾರೆ. ಆ ಸುದ್ದಿಯನ್ನು ನಾನು ಬರೆಯುವುದಿಲ್ಲ, ನನಗೆ ಅದು ಬರುವುದಿಲ್ಲ. ಅವರು ಹೇಳಿ ಬರೆಸಿದ್ದನ್ನು ಮಾತ್ರ ಬರೆಯುತ್ತೇನೆ.

ನಿಮ್ಮ ಕಾಗದ ಶುಕ್ರವಾರ ಬಂತು. ಅವರ ಕೈ ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ನನ್ನ ಕಡೆ ತಳ್ಳಿದರು. "ನಾನು ಹಳಿ ಮೇಲಿನವನು ಸ್ವಾಮಿ, ನೀರಿನ ವಿಷಯ ತಪ್ಪು ಬರೆದುಬಿಟ್ಟೇನು" ಎಂದೆ. ತಲೆಯಾಡಿಸಿ, ಬರೀರಿ ಅಂತ ಸನ್ನೆ ಮಾಡಿದರು. ಮೂರು ದಿನದಲ್ಲಿ ಇಷ್ಟು ಆಯಿತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ನಾನು ಒಂದು ನಿದ್ದೆ ಮುಗಿಸುತ್ತಿದ್ದೆ. ಅಲಂಕಾರ ಏನೂ ಸೇರಿಸಿಲ್ಲ, ಅವರೂ ಸೇರಿಸಲಿಲ್ಲ.

ಒಂದು. ಹಿಂದಿನಿಂದ ಗಾಳಿ ಬರುವಾಗ ಹಾಯಿಯ ಅಡ್ಡಮರ ಯಾವಾಗ ಬೇಕಾದರೂ ಈ ಕಡೆಯಿಂದ ಆ ಕಡೆಗೆ ಬೀಸುತ್ತೆ. ಅದರ ದಾರಿಯಲ್ಲಿ ತಲೆ ಇಡಬೇಡ.

ಎರಡು. ಹಾಯಿಯ ಹಗ್ಗ ಕೈಗೆ ಸುತ್ತಿಕೋಬೇಡ. ಹಿಡಿದಿರು, ಅಷ್ಟೆ. ಗಾಳಿ ಜೋರಾದಾಗ ಬಿಟ್ಟುಬಿಡೋಕೆ ಆಗಬೇಕು.

ಮೂರು.

ಇದಕ್ಕೆ ಇವತ್ತು ಬೆಳಿಗ್ಗೆ ಬೆರಳೆತ್ತಿದರು. ನಾನು ಅಂಕಿ ಹಾಕಿ, "ಹೇಳಿ ನಾಟಕದವರೇ" ಎಂದು ಪೆನ್ಸಿಲ್ ಹಿಡಿದು ಕೂತೆ. ಅವರು ನೆನಪು ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಬಹಳ ಹೊತ್ತು ಹಾಗೇ ಅಂದುಕೊಂಡೆ.

ನಮಸ್ಕಾರ.
ಎಂಟನೇ ಮಂಚದವನು